ನಾಳೆ ಬರ್ಲಿನ್ ಮ್ಯಾರಥಾನ್ ನೋಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಾಳೆ ಮಧ್ಯಾಹ್ನ ಲೈವ್ ನೋಡುವಾಗ, ಮುಂದೆ ಓಡುತ್ತಿದ್ದವರು ಅರ್ಧ ದಾರಿಯಲ್ಲಿ ಪಕ್ಕಕ್ಕೆ ಸರಿದರೆ 'ಅಯ್ಯೋ, ಸುಸ್ತಾದ' ಅಂತ ಮೆಸೇಜ್ ಹಾಕಬೇಡಿ. ಅವರು ಪೇಸರ್‌ಗಳು. ಒಪ್ಪಿಕೊಂಡಷ್ಟು ದೂರ ಒಂದೇ ವೇಗದಲ್ಲಿ ಓಡಿ, ಹಿಂದಿನವರಿಗೆ ಗಾಳಿ ತಡೆಯುವುದೇ ಅವರ ಕೆಲಸ. ಅದಕ್ಕೆ ದುಡ್ಡೂ ಸಿಗುತ್ತದೆ.

ಸುಲಭದ ಕೆಲಸ ಅಲ್ಲ. 2018ರಲ್ಲಿ ಇದೇ ಬರ್ಲಿನ್‌ನಲ್ಲಿ ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ 2 ಗಂಟೆ 1 ನಿಮಿಷ 39 ಸೆಕೆಂಡಿನಲ್ಲಿ ವಿಶ್ವದಾಖಲೆ ಮಾಡಿದರಲ್ಲ, ಆಗ ಇಬ್ಬರು ಪೇಸರ್‌ಗಳು 15 ಕಿ.ಮೀ. ಹೊತ್ತಿಗೇ ಕೈಚೆಲ್ಲಿದರು. ಮೂರನೆಯವರಾದ ಜೋಸ್ಫಾಟ್ ಬೋಯಿಟ್ 25ಕ್ಕೆ ನಿಂತರು. ಆಮೇಲಿನ 17 ಕಿ.ಮೀ. ಕಿಪ್ಚೋಗೆ ಒಬ್ಬರೇ!

ಮರುವರ್ಷ ವಿಯೆನ್ನಾದಲ್ಲಿ, ಎರಡು ಗಂಟೆಯೊಳಗೆ ಮ್ಯಾರಥಾನ್ ಮುಗಿಸಲೆಂದೇ ಏರ್ಪಡಿಸಿದ್ದ ಓಟದಲ್ಲಿ, ಅವರಿಗೆ 41 ಪೇಸರ್‌ಗಳಿದ್ದರು. ಸರದಿಯಂತೆ ಬಂದು ಹೋಗುತ್ತಿದ್ದರು. 1:59:40ಕ್ಕೆ ಮುಗಿಸಿದರೂ ಅದು ದಾಖಲೆಯಾಗಲಿಲ್ಲ. ಪೇಸರ್‌ಗಳು ಮಧ್ಯದಲ್ಲಿ ಸೇರಿಕೊಳ್ಳುವಂತಿಲ್ಲ, ಅದೂ ಒಂದು ಕಾರಣ.

ಪೇಸರ್ ನಿಲ್ಲಲೇಬೇಕು ಅಂತೇನೂ ಇಲ್ಲ. 1994ರ ಲಾಸ್ ಏಂಜಲೀಸ್ ಮ್ಯಾರಥಾನ್‌ನಲ್ಲಿ ಪಾಲ್ ಪಿಲ್ಕಿಂಗ್ಟನ್ ಪೇಸರ್. ಹಿಂದಿನವರು ಹತ್ತಿರ ಬರಲೇ ಇಲ್ಲ, ಇವರು ಓಡುತ್ತಲೇ ಹೋಗಿ ಗೆದ್ದುಬಿಟ್ಟರು. ಎರಡನೆಯವರಾಗಿ ಬಂದ ಇಟಲಿಯ ಲೂಕಾ ಬಾರ್ಜಾಗಿ ತಾನೇ ಗೆದ್ದೆ ಅಂದುಕೊಂಡು ಸಂಭ್ರಮಿಸಿದರು. ಪಾಪ, ಅಲ್ವಾ? ಬರ್ಲಿನ್‌ನಲ್ಲೂ 2000ದಲ್ಲಿ ಪೇಸರ್ ಸೈಮನ್ ಬಿವೋಟ್ ಗೆದ್ದಿದ್ದರು.

ಲಿಂಕ್ ಬೆಳಿಗ್ಗೆ ಹಾಕುತ್ತೇನೆ. ಓಟ ಮುಗಿಯುವ ತನಕ ಗುಡ್ ಮಾರ್ನಿಂಗ್ ಚಿತ್ರಗಳು ಬೇಡ, ದಯವಿಟ್ಟು.