ಗುಳಿಗೆಯ ಮಾತು ಸೈಟಿಗೆ ಬಂತು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪತ್ರಗಳ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು. ಹಿಂದೆ ಪೇಪರ್ ಅಂದರೆ ಸುದ್ದಿ, ಈಗ ಪೇಪರ್ ಅಂದರೆ ಜಾಹೀರಾತು, ಮುಖಪುಟ ಸಿಗಬೇಕಾದರೆ ನಾಲ್ಕು ಪುಟ ಮಗುಚಬೇಕು ಅಂತ. ಅವರ ಸಿಟ್ಟು ನನಗೂ ಇದೆ. ‘ಹಿಂದೆ’ ಅಂದರಲ್ಲ, ಅದಕ್ಕೆ ಮಾತ್ರ ನನ್ನದೊಂದು ತಕರಾರು. ನಾನು 31 ವರ್ಷ ಒಂದು ದಿನಪತ್ರಿಕೆಯ ಜಾಹೀರಾತು ಕೌಂಟರಿನಲ್ಲಿ ಕೂತವನು. ಆ ಋಣಕ್ಕಾದರೂ ನಾಲ್ಕು ಮಾತು ಹೇಳಬೇಕು.

ನಮ್ಮ ದೇಶದ ಮೊದಲ ಪತ್ರಿಕೆ ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಹಿಕ್ಕಿಯ ಬೆಂಗಾಲ್ ಗೆಜೆಟ್, ಅದು ಕಲ್ಕತ್ತೆಯಲ್ಲಿ ಹೊರಟಿದ್ದು 1780ರ ಜನವರಿ 29ರಂದು. ಅದಕ್ಕೆ ಇನ್ನೊಂದು ಹೆಸರೂ ಇತ್ತು, ‘ಕಲ್ಕತ್ತಾ ಜನರಲ್ ಅಡ್ವರ್ಟೈಸರ್’. ಹುಟ್ಟಿದ ದಿನವೇ ತನ್ನ ಹೊಟ್ಟೆಪಾಡು ಏನು ಅಂತ ನೆತ್ತಿಯ ಮೇಲೆ ಬರೆದುಕೊಂಡ ಪತ್ರಿಕೆ. ಜೇಮ್ಸ್ ಆಗಸ್ಟಸ್ ಹಿಕ್ಕಿ ಹಡಗಿನ ವೈದ್ಯರ ಸಹಾಯಕನಾಗಿ ಇಲ್ಲಿಗೆ ಬಂದವನು, ಸಾಲ ತೀರಿಸಲಾಗದೆ ಜೈಲು ಕಂಡವನು. ಗವರ್ನರ್ ಜನರಲ್ ಹೇಸ್ಟಿಂಗ್ಸನನ್ನೇ ಬೈದು 1782ರಲ್ಲಿ ಅಚ್ಚಿನ ಮೊಳೆಗಳನ್ನೂ ಕಳೆದುಕೊಂಡ. ಆ ಧೈರ್ಯದ ಕಥೆ ಎಲ್ಲರೂ ಹೇಳುತ್ತಾರೆ. ಅದೇ ಪುಟಗಳಲ್ಲಿ ಮನೆ ಬಾಡಿಗೆಗೆ, ತೋಟದ ಬಂಗಲೆ ಮಾರಾಟಕ್ಕೆ ಅಂತ ಇದ್ದದ್ದನ್ನು ಯಾರೂ ಹೇಳುವುದಿಲ್ಲ. ಇನ್ನು ಮುಖಪುಟದ ಮಾತು. ಮದರಾಸಿನ ‘ದಿ ಹಿಂದೂ’ 1958ರವರೆಗೂ ಮುಖಪುಟದಲ್ಲಿ ಜಾಹೀರಾತನ್ನೇ ಹಾಕುತ್ತಿತ್ತು. ಲಂಡನ್ನಿನ ‘ದಿ ಟೈಮ್ಸ್’ ಬದಲಾಗಿದ್ದು 1966ರಲ್ಲಿ. ಹಾಗಾಗಿ ಹಿರಿಯರ ಕಾಲದಲ್ಲಿ ಮುಖಪುಟ ಮಡಿಯಲ್ಲಿತ್ತು ಅಂತ ಸುಮ್ನೆ ಅಂದುಕೊಳ್ಳುವುದು ಬೇಡ.

ಬ್ರಿಟಿಷರ ಕಾಲದ ಇಂಗ್ಲಿಷ್ ಪತ್ರಿಕೆಗಳ ಹಳೆ ಪುಟ ನೋಡಿದರೆ ಎರಡು ಬಗೆಯ ಜಾಹೀರಾತು ಜಾಸ್ತಿ ಕಣ್ಣಿಗೆ ಬೀಳುತ್ತದೆ. ಒಂದು ಮನೆ, ಇನ್ನೊಂದು ಮದ್ದು. ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ, ಆದರೆ ಮಾತಾಡುವ ರೀತಿ ಮಾತ್ರ ಅಜಗಜಾಂತರ.

ಮನೆಯ ಜಾಹೀರಾತು ಲೆಕ್ಕ ಹೇಳುತ್ತದೆ. ಹಜಾರ ಎಷ್ಟು, ಕೋಣೆ ಎಷ್ಟು, ವರಾಂಡ ಇದೆಯೋ, ಕುದುರೆ ಲಾಯ, ಗಾಡಿ ಮನೆ, ಅಡುಗೆ ಮನೆ, ಆಳುಗಳ ಮನೆ, ಜಾಗ ಎಷ್ಟು ಬಿಘಾ, ಬಾಡಿಗೆ ತಿಂಗಳಿಗೆ ಎಷ್ಟು ಸಿಕ್ಕಾ ರೂಪಾಯಿ. ಸುಳ್ಳು ಹೇಳಿದರೆ ಸಿಕ್ಕಿಬೀಳುತ್ತಾನೆ. ನೋಡುವವನು ಸಂಜೆ ಪಲ್ಲಕ್ಕಿ ಹತ್ತಿ ಬಂದು ಕೋಣೆ ಎಣಿಸಬಹುದು. ಹಾಗಂತ ಆ ಕಾಲಂ ಗಂಗಾಜಲವೇನಲ್ಲ. ಕಲ್ಕತ್ತೆಯಲ್ಲಿ ಮನೆ, ಬಜಾರುಗಳನ್ನು ಲಾಟರಿ ಹಾಕಿ ವಿಲೇವಾರಿ ಮಾಡುತ್ತಿದ್ದರು. ಟಿರೆಟ್ಟಾ ಬಜಾರ್ ಹೀಗೆ ಲಾಟರಿಯಲ್ಲೇ ಕೈಬದಲಾಗಿದ್ದು. ಮನೆ, ಕುದುರೆಗಳನ್ನು ಸಾರುತ್ತಿದ್ದ ಆ ಪತ್ರಿಕೆಗಳೇ ಮಾರಾಟಕ್ಕಿರುವ ಗುಲಾಮ ಹುಡುಗರನ್ನೂ, ಓಡಿಹೋದ ಗುಲಾಮ ಹುಡುಗರನ್ನೂ ಸಾರುತ್ತಿದ್ದವು. ‘ಹಿಂದಿನ ಕಾಲ’ ಅನ್ನುವವರು ಅದನ್ನೂ ಒಮ್ಮೆ ನೋಡಬೇಕು.

ನಮ್ಮ ಕೌಂಟರಿನಲ್ಲೂ ಮನೆ ಮಾರುವವರ ಕಥೆ ಅದೇ. ಸಣ್ಣ ಜಾಹೀರಾತಿಗೆ ಪದಕ್ಕಿಷ್ಟು ಅಂತ ದರ. ಬಂದವರು ಮೊದಲು ಪುಟ ತುಂಬ ಬರೆಯುತ್ತಿದ್ದರು, ಆಮೇಲೆ ಒಂದೊಂದೇ ಪದ ಹೊಡೆದುಹಾಕುತ್ತಿದ್ದರು. ಒಬ್ಬರು ಅಗ್ರಹಾರದ ಹಳೆ ಮನೆಗೆ ಬರೆದಿದ್ದು ನನಗೆ ಈಗಲೂ ನೆನಪಿದೆ. ತೊಟ್ಟಿಮನೆ, ನಡುಮನೆ, ಎರಡು ಕೋಣೆ, ಸೇದುವ ಬಾವಿ, ಹಿತ್ತಲಲ್ಲಿ ತೆಂಗಿನಮರ. ದರ ಕೇಳಿ ತೆಂಗಿನಮರ ಹೊಡೆದರು. ಕಿಟಕಿಯ ಹತ್ತಿರ ಹೋಗಿ ನಿಂತು, ತಿರುಗಿ ಬಂದು, ‘ಇರ್ಲಿ ಬಿಡಿ ಸಾರ್, ಅಮ್ಮ ನೆಟ್ಟಿದ್ದು’ ಅಂತ ಮತ್ತೆ ಸೇರಿಸಿದರು. ಬಾವಿ ಹೋಯಿತು, ಮರ ಉಳಿಯಿತು. ಆ ಮನೆ ಕೊಂಡವರಿಗೆ ಬಾವಿ ಪುಕ್ಕಟೆ ಸಿಕ್ಕ ಹಾಗೆ.

ಮದ್ದಿನ ಕಡೆಯವರು ಒಂದು ಪದವನ್ನೂ ಹೊಡೆಯುತ್ತಿರಲಿಲ್ಲ. ಅವರದು ಪದದ ಲೆಕ್ಕವಲ್ಲ, ಜಾಗದ ಲೆಕ್ಕ, ಕಾಲಂ ಸೆಂಟಿಮೀಟರಿಗೆ ಇಷ್ಟು ಅಂತ. ಏಜೆಂಟ್ ಅಚ್ಚಿಗೆ ತಯಾರಾದ ಬ್ಲಾಕ್ ಸಮೇತ ಬರುತ್ತಿದ್ದ, ತುಂಬಿಸುವುದಷ್ಟೇ ನಮ್ಮ ಕೆಲಸ. ತಲೆನೋವಿನಿಂದ ಶುರುವಾದರೆ ಮೂಲವ್ಯಾಧಿಗೆ ಹೋಗಿ, ಮಕ್ಕಳಾಗದವರ ಮನೆ ಹೊಕ್ಕು, ಬೊಕ್ಕತಲೆಯಲ್ಲಿ ಮುಗಿಯುತ್ತಿತ್ತು.

ಇದನ್ನು ಇವರೇನೂ ಕಂಡುಹಿಡಿದದ್ದಲ್ಲ. ಇವರ ಮೂಲಪುರುಷರು ಲಂಡನ್ನಿನಲ್ಲಿದ್ದರು. 1837ರಲ್ಲಿ ಥಾಮಸ್ ಹಾಲೊವೇ ಅನ್ನುವವನು ಮುಲಾಮು ಮಾರಲು ಶುರು ಮಾಡಿದ, ಆಮೇಲೆ ಗುಳಿಗೆ. ದೇಶದೇಶದ ಪತ್ರಿಕೆಗಳಿಗೆ ಅವನ ಜಾಹೀರಾತು ಹೋಯಿತು, ಇಂಡಿಯಾಕ್ಕೂ ಬಂತು. ಎಷ್ಟು ದುಡಿದನೆಂದರೆ ಆ ಹಣದಲ್ಲಿ ಹೆಣ್ಣುಮಕ್ಕಳಿಗೆ ಒಂದು ದೊಡ್ಡ ಕಾಲೇಜು ಕಟ್ಟಿಸಿದ. 1886ರಲ್ಲಿ ವಿಕ್ಟೋರಿಯಾ ರಾಣಿಯೇ ಬಂದು ಅದನ್ನು ಉದ್ಘಾಟಿಸಿದಳು. ಕ್ಲೋರೋಡೈನ್ ಅಂತ ಇನ್ನೊಂದು. ಕಾಲಿಸ್ ಬ್ರೌನ್ ಅನ್ನುವ ಸೈನ್ಯದ ಡಾಕ್ಟರು ಇಂಡಿಯಾದಲ್ಲಿದ್ದಾಗ ಕಾಲರಾಕ್ಕೆ ಅಂತ ಕೂಡಿಸಿದ್ದು. ಆಮೇಲೆ ಜಾಹೀರಾತಿನಲ್ಲಿ ಕೆಮ್ಮು, ಉಬ್ಬಸ, ಭೇದಿ ಎಲ್ಲ ಸೇರಿಕೊಂಡವು. ಒಳಗಿದ್ದದ್ದು ಅಫೀಮು, ಗಾಂಜಾ, ಕ್ಲೋರೋಫಾರ್ಮ್. ನೋವು ನಿಲ್ಲುತ್ತಿತ್ತು, ಸುಳ್ಳಲ್ಲ. ಸೀಸೆ ಬಿಡುವುದು ಮಾತ್ರ ಕಷ್ಟವಾಗುತ್ತಿತ್ತು.

ಇಂಥ ಮದ್ದಿಗಿದ್ದ ಪೇಟೆಂಟ್ ಮೆಡಿಸಿನ್ ಅನ್ನೋ ಹೆಸರೇ ಒಂದು ಜೋಕು. ಬಹುಪಾಲು ಮದ್ದಿಗೆ ಪೇಟೆಂಟೇ ಇರಲಿಲ್ಲ. ಪೇಟೆಂಟ್ ಬೇಕಾದರೆ ಒಳಗೆ ಏನಿದೆ ಅಂತ ಬರೆದುಕೊಡಬೇಕಲ್ವಾ? ಯಾರು ಕೊಡುತ್ತಾರೆ! ಬ್ರಿಟನ್ನಿನಲ್ಲಿ 1783ರಲ್ಲಿ ಇಂಥ ಮದ್ದಿನ ಮೇಲೆ ತೆರಿಗೆ ಬಂತು. ತೆರಿಗೆ ಕಟ್ಟಿದ ಗುರುತಿಗೆ ಸೀಸೆಯ ಮೇಲೆ ಸರ್ಕಾರದ ಸ್ಟ್ಯಾಂಪು ಅಂಟಿಸಬೇಕು. ಮದ್ದಿನವರು ಅದನ್ನೇ ಹಿಡಿದುಕೊಂಡು, ಸರ್ಕಾರದ ಸ್ಟ್ಯಾಂಪು ನೋಡಿ ಕೊಳ್ಳಿ ಅಂತ ಜಾಹೀರಾತು ಕೊಟ್ಟರು. ಓದಿದವರು ಸರ್ಕಾರವೇ ಪರೀಕ್ಷೆ ಮಾಡಿ ಒಪ್ಪಿದೆ ಅಂದುಕೊಂಡರು. ಕಂದಾಯದ ರಸೀದಿಯನ್ನೇ ಸರ್ಟಿಫಿಕೇಟ್ ಅಂತ ತೋರಿಸುವ ವಿದ್ಯೆ ಎಷ್ಟು ಹಳೆಯದು ನೋಡಿ. ಈ ಸ್ಟ್ಯಾಂಪಿನ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

1909ರಲ್ಲಿ ಬ್ರಿಟಿಷ್ ವೈದ್ಯರ ಸಂಘ ಇವುಗಳನ್ನೆಲ್ಲ ಪರೀಕ್ಷೆ ಮಾಡಿಸಿ ಪುಸ್ತಕ ಹಾಕಿತು. ಬೀಚಮ್ಸ್ ಗುಳಿಗೆಯಲ್ಲಿ ಸಿಕ್ಕಿದ್ದು ಲೋಳೆಸರದ ಒಣರಸ, ಶುಂಠಿ, ಸೋಪು. ಡಬ್ಬಿಗೆ 56 ಗುಳಿಗೆ. ಬೆಲೆ ಒಂದು ಷಿಲಿಂಗ್ ಒಂದೂವರೆ ಪೆನ್ನಿ. ಒಳಗಿನ ಸರಕಿಗೆ ಬಿದ್ದದ್ದು ಸುಮಾರು ಅರ್ಧ ಫಾರ್ದಿಂಗ್. ಷಿಲಿಂಗಿಗೆ 12 ಪೆನ್ನಿ, ಪೆನ್ನಿಗೆ ನಾಲ್ಕು ಫಾರ್ದಿಂಗ್. ಕೂತು ಲೆಕ್ಕ ಹಾಕಿದೆ, ಸರಿಯಾಗಿ 108 ಪಟ್ಟು ಬಂತು. ನಾವು ಜಪಕ್ಕೆ ಎಣಿಸೋದನ್ನು ಅವರು ಲಾಭಕ್ಕೆ ಎಣಿಸಿದ್ದರು. ಇದನ್ನೇ ‘ಡಬ್ಬಿಗೆ ಒಂದು ಗಿನಿ ಬೆಲೆ ಬಾಳುತ್ತದೆ’ ಅಂತ ಸಾರುತ್ತಿದ್ದರು. ಗಿನಿ ಅಂದರೆ 21 ಷಿಲಿಂಗ್.

ಕೆನಡಾದಿಂದ ಬಂದ ಡಾಕ್ಟರ್ ವಿಲಿಯಮ್ಸ್ ಪಿಂಕ್ ಪಿಲ್ಸ್‌ನವರು ಇವರಿಗಿಂತ ಜಾಣರು. ಅವರ ಜಾಹೀರಾತು ಜಾಹೀರಾತಿನ ಹಾಗೇ ಕಾಣುತ್ತಿರಲಿಲ್ಲ. ಸುದ್ದಿಯ ಹಾಗೆ ಶೀರ್ಷಿಕೆ, ಸುದ್ದಿಯ ಹಾಗೆ ಊರಿನ ಹೆಸರು, ಡಾಕ್ಟರು ಕೈಬಿಟ್ಟ ಹೆಂಗಸು ಎದ್ದು ಕೂತ ಕಥೆ. ಕೊನೆಯಲ್ಲಿ ಗುಳಿಗೆಯ ಹೆಸರು. ಈಗ ನಿಮ್ಮ ಪುರವಣಿಯಲ್ಲೂ ಮೂಲೆಯಲ್ಲಿ ‘ಪ್ರಾಯೋಜಿತ’ ಅಂತ ಇರುವೆಯಷ್ಟು ಅಕ್ಷರದಲ್ಲಿ ಹಾಕಿ ಇಂಥವು ಬರುತ್ತವಲ್ಲ, ಅದರ ಅಜ್ಜ ಅದು.

ಎಲ್ಲರೂ ಕಳ್ಳರು ಅಂತ ನಾನು ಹೇಳುತ್ತಿಲ್ಲ. 1893ರಲ್ಲಿ ಬೊಂಬಾಯಿಯಲ್ಲಿ ಅಮೃತಾಂಜನ ಶುರು ಮಾಡಿದ ಕಾಶೀನಾಥುನಿ ನಾಗೇಶ್ವರರಾವ್ ಅವರು ಸಂಗೀತ ಕಚೇರಿಗಳಲ್ಲಿ ಡಬ್ಬಿ ಪುಕ್ಕಟೆ ಹಂಚಿ ಹೆಸರು ಮಾಡಿದರಂತೆ. ಆಮೇಲೆ ಅವರೇ ‘ಆಂಧ್ರಪತ್ರಿಕೆ’ ತೆಗೆದರು. ಅಲ್ಲಿ ಮದ್ದೇ ಪತ್ರಿಕೆಯನ್ನು ಹೆತ್ತಿತು. ನಮ್ಮ ಮನೆಯಲ್ಲಿ ಇವತ್ತಿಗೂ ಆ ಹಳದಿ ಡಬ್ಬಿ ಇದೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಜಾಹೀರಾತು ಜಾಸ್ತಿಯಾಯಿತು ಅನ್ನುವುದಲ್ಲ. ಮನೆಯ ಜಾಹೀರಾತು ಮದ್ದಿನ ಭಾಷೆ ಕಲಿತುಬಿಟ್ಟಿತು, ಅದು. ಮೊನ್ನೆ ಶನಿವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಔಟಿನ ಪೂರ್ತಿ ಪುಟವನ್ನು ಮೇಜಿನ ಮೇಲೆ ಹರಡಿದೆ. ಕೆಲಸದಿಂದ ಬಿಡುವಾಗ ತಂದುಕೊಂಡ ಪೈಕಾ ಸ್ಕೇಲು, ಅಂದರೆ ಅಚ್ಚಿನವರ ಅಳತೆಪಟ್ಟಿ, ಇನ್ನೂ ನನ್ನ ಹತ್ತಿರ ಇದೆ, ಅದನ್ನಿಟ್ಟು ಅಳೆದೆ. ಬೆಲೆಯ ಅಂಕಿ ಎರಡು ಇಂಚು ಎತ್ತರ. ಸಿನಿಮಾ ನಟನ ಮುಖ ಅರ್ಧ ಪುಟ. ‘ಸರ್ಕಾರದಿಂದ ಅನುಮೋದಿತ’ ಒಂದು ಇಂಚು. ಯಾವ ಇಲಾಖೆ, ಯಾವ ಆದೇಶ, ಏನೂ ಇಲ್ಲ. ಸ್ಟ್ಯಾಂಪಿನ ಮಾತು ನೆನಪಿಡಿ ಅಂದೆನಲ್ಲ, ಇದಕ್ಕೇ. ‘ಮೂರು ವರ್ಷದಲ್ಲಿ ದುಪ್ಪಟ್ಟು’ ಅಂತ ಒಂದು ಸಾಲು, ಪಕ್ಕದಲ್ಲಿ ನಕ್ಷತ್ರ ಚಿಹ್ನೆ. ಸೈಟಿನ ಅಳತೆ ಹುಡುಕಿದೆ. ನೀರು ಎಲ್ಲಿಂದ, ಖಾತೆ ಯಾವುದು, ಅದನ್ನೂ ಹುಡುಕಿದೆ. ಸಿಗಲಿಲ್ಲ. ಬಾವಿಯನ್ನೂ ತೆಂಗಿನಮರವನ್ನೂ ಲೆಕ್ಕ ಹಾಕಿ ಬರೆದವರ ಕಾಲಂ ಇದು ಅಂದರೆ ಯಾರು ನಂಬುತ್ತಾರೆ? ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ಸಂಖ್ಯೆ ಇತ್ತು. ಭೂತಗನ್ನಡಿಯಲ್ಲಿ ಕಂಡಿತು. ಅಕ್ಷರದ ಗಾತ್ರ ಐದು ಪಾಯಿಂಟ್ ಇರಬೇಕು, ಅದೂ ಹಸಿರು ಹುಲ್ಲಿನ ಚಿತ್ರದ ಮೇಲೆ ಹಸಿರು ಅಕ್ಷರ. 2016ರ ರೇರಾ ಕಾಯ್ದೆ ಪ್ರಾಧಿಕಾರದ ವೆಬ್‌ಸೈಟ್ ವಿಳಾಸ ಎದ್ದು ಕಾಣಬೇಕು, ನೋಂದಣಿ ಸಂಖ್ಯೆಯೂ ಇರಬೇಕು ಅನ್ನುತ್ತದೆ. ವಿಳಾಸ ಇರಲೇ ಇಲ್ಲ.

ನಾನೂ ಸಾಚಾ ಅಲ್ಲ. ಒಂದು ದಿನ ಸುಮಾರು ಎಪ್ಪತ್ತರ ಹಿರಿಯರೊಬ್ಬರು ಒಂದು ಸೀಸೆ ಹಿಡಿದುಕೊಂಡು ಕೌಂಟರಿಗೆ ಬಂದರು. ಸಕ್ಕರೆ ಕಾಯಿಲೆಗೆ ಪುಡಿ. ‘ನಿಮ್ಮ ಪೇಪರಲ್ಲಿ ನೋಡಿ ತರಿಸಿದೆ. ಮಾತ್ರೆ ಬಿಟ್ಟು ಇದನ್ನೇ ತಗೊಂಡೆ. ಕಾಲಿನ ಬೆರಳು ತೆಗೆದುಬಿಟ್ಟರು’ ಅಂದರು. ಜೋರು ಮಾಡಲಿಲ್ಲ. ದುಡ್ಡು ವಾಪಸ್ ಕೊಡಿಸಿ ಅಂತ ಅಷ್ಟೇ. ನಾನು ಆವತ್ತಿನ ಪತ್ರಿಕೆ ತೆಗೆದು ಕೊನೆಯ ಸಾಲು ತೋರಿಸಿದೆ: ಜಾಹೀರಾತಿನ ವಿವರಗಳಿಗೆ ಪತ್ರಿಕೆ ಹೊಣೆಯಲ್ಲ. ಅವರು ಕನ್ನಡಕ ತಂದಿರಲಿಲ್ಲ. ‘ನೀವೇ ಓದಿ ಹೇಳಿ’ ಅಂದರು. ಓದಿದೆ. ಗಟ್ಟಿಯಾಗಿ ಓದುವಾಗ ನನಗೇ ನಾಚಿಕೆಯಾಯಿತು. ಸೀಸೆ ಅಲ್ಲೇ ಬಿಟ್ಟು ಹೋದರು. ಆ ಜಾಹೀರಾತಿನ ರಸೀದಿ ಹರಿದುಕೊಟ್ಟವನು ನಾನೇ.

ಆಮೇಲೆ ತಿಳಿಯಿತು, 1954ರ ಕಾಯ್ದೆ ಒಂದಿದೆ, ಔಷಧಿ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತಿನದು. ಅದರ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ ಇದೆ, ಕ್ಯಾನ್ಸರ್ ಇದೆ, ಮೂರ್ಛೆರೋಗ ಇದೆ, ಎತ್ತರ ಬೆಳೆಸುವುದೂ ಇದೆ. ಇವನ್ನು ವಾಸಿ ಮಾಡುತ್ತೇವೆ ಅನ್ನುವ ಜಾಹೀರಾತಿನ ಪ್ರಕಟಣೆಯಲ್ಲಿ ಯಾರೂ ಯಾವ ಪಾಲೂ ತೆಗೆದುಕೊಳ್ಳಬಾರದು ಅಂತ ಬರೆದಿದೆ. ‘ಹೊಣೆಯಲ್ಲ’ ಅಂತ ಅಡಿಯಲ್ಲಿ ಒಂದು ಸಾಲು ಹಾಕಿದರೆ ಆ ಪಾಲು ಹೋಗುತ್ತದೆಯೇ? ಸಂಪಾದಕರೇ, ನಿಮ್ಮ ಬುಧವಾರದ ಏಳನೇ ಪುಟದ ಕೆಳಗಡೆ ಸಕ್ಕರೆಗೆ ಪುಡಿ ಈಗಲೂ ಬರುತ್ತಿದೆ. ಸೀಸೆ ಹೋಗಿ ಪ್ಲಾಸ್ಟಿಕ್ ಡಬ್ಬಿ ಬಂದಿದೆ, ಅಷ್ಟೇ.

ಪತ್ರಿಕೆ ನಡೆಯಬೇಕು, ಸಂಬಳ ಆಗಬೇಕು, ನನಗೆ ಗೊತ್ತು. ಜಾಹೀರಾತಿನ ದುಡ್ಡಿನಲ್ಲೇ ನನ್ನ ಇಬ್ಬರು ಮಕ್ಕಳು ಓದಿದ್ದು. ಅದಕ್ಕೇ ಎರಡೇ ಕೇಳುತ್ತೇನೆ. ಆ ಪುಡಿಯನ್ನು ನಿಲ್ಲಿಸಿ. ಸೈಟಿನ ಜಾಹೀರಾತು ಬಂದರೆ, ಬೆಲೆಯ ಅಂಕಿ ಎಷ್ಟು ಎತ್ತರವೋ ರೇರಾ ಸಂಖ್ಯೆಯೂ ಅಷ್ಟೇ ಎತ್ತರ ಇರಬೇಕು, ಸೈಟಿನ ಅಳತೆಯೂ ಇರಬೇಕು ಅಂತ ಏಜೆನ್ಸಿಯವರಿಗೆ ಹೇಳಿ. ನಿಮ್ಮ ಜಾಹೀರಾತು ವಿಭಾಗದ ಹುಡುಗರ ಹತ್ತಿರ ಅಳೆಯಲು ಏನೂ ಇಲ್ಲದಿದ್ದರೆ ಒಂದು ಫೋನ್ ಮಾಡಿಸಿ, ನನ್ನ ಪೈಕಾ ಸ್ಕೇಲು ತಂದುಕೊಡುತ್ತೇನೆ.

ಇತಿ,
ನಿವೃತ್ತ ಜಾಹೀರಾತು ಗುಮಾಸ್ತ,
ಸರಸ್ವತಿಪುರಂ, ಮೈಸೂರು