ಅಪ್ಪಯ್ಯನ ಕೆಮ್ಮು ಮಳೆಗಾಲದ್ದೇ ಇರಲಿ, ಕೊರೊನಾ ಪರೀಕ್ಷೆ ಮಾತ್ರ ಮಾಡಿಸಿ

ಟಾರ್ನೀಟ್, ಮೆಲ್ಬರ್ನ್
17 ಆಗಸ್ಟ್ 2020, ಸೋಮವಾರ

ಮಾತೃಶ್ರೀ ಅಮ್ಮನಿಗೆ ನಮಸ್ಕಾರ. ನಾವಿಲ್ಲಿ ಮೂವರೂ ಆರಾಮ. ಅಣ್ಣ, ಅತ್ತಿಗೆ, ಅಪ್ಪು ಎಲ್ಲ ಕ್ಷೇಮ ಅಂದುಕೊಂಡಿದ್ದೇನೆ.

ನಿನ್ನ ಕಾಗದದ ಫೋಟೊ ಅಪ್ಪು ಕಳಿಸಿದ್ದು ನಿನ್ನೆ ರಾತ್ರಿ ಸಿಕ್ಕಿತು. ಮಳೆಗೆ ಕರೆಂಟೂ ಇಲ್ಲ, ಟವರೂ ಇಲ್ಲ ಅಂತ ಗೊತ್ತಿತ್ತು. ಆದರೂ ಫೋನ್ ಹತ್ತದೇ ಇದ್ದಾಗ ಜೀವ ಹಿಡಿದುಕೊಂಡು ಕೂತಿದ್ದೆ. ಈ ಕಾಗದವನ್ನೂ ಅಪ್ಪುವಿನ ಫೋನಿಗೇ ಹಾಕುತ್ತೇನೆ. ಆನ್‌ಲೈನ್ ಕ್ಲಾಸಿಗೆ ಅಂತ ಗುಡ್ಡ ಹತ್ತುತ್ತಾನಲ್ಲ, ಅಲ್ಲೇ ಇಳಿಸಿಕೊಂಡು ಬಂದು ನಿನಗೆ ಓದಿ ಹೇಳಲಿ. ಅಡುಗೆಮನೆಯಲ್ಲಿ ಪಿಸುಪಿಸು ಅಂತ ಓದೋದು ಬೇಡ, ಅಪ್ಪಯ್ಯನಿಗೆ ಕೇಳೋ ಹಾಗೆ ಗಟ್ಟಿಯಾಗಿ ಓದಲಿ.

ಎರಡು ಪುಟ ತುಂಬ ಅಡಿಕೆಯ ಕೊಳೆರೋಗ, ಗೌರಿ ಹಬ್ಬ, ತುಂಗೆ ಕರು ಹಾಕಿದ್ದು ಎಲ್ಲ ಬರೆದೆ. ಕೊನೆಗೆ ಹಾಳೆಯ ಅಂಚಿನಲ್ಲಿ, ಜಾಗ ಇಲ್ಲದ ಕಡೆ ಅಡ್ಡಡ್ಡವಾಗಿ ಸಣ್ಣಕ್ಷರದಲ್ಲಿ ಬರೆದಿದ್ದೀಯ: 'ಅಪ್ಪಯ್ಯನಿಗೆ ವಾರದಿಂದ ಕೆಮ್ಮು, ಸಂಜೆಯಾದರೆ ಮೈ ಬಿಸಿ, ಯಾರಿಗೂ ಹೇಳಬೇಡ ಅಂದಿದ್ದಾರೆ.' ಅಮ್ಮ, ಕಾಗದದ ಮೊದಲ ಸಾಲಾಗಬೇಕಾಗಿತ್ತು ಅದು. ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದಿದೆ. ಆಮೇಲೆ ಕಣ್ಣಿಗೆ ನಿದ್ದೆ ಹತ್ತಲಿಲ್ಲ.

ಅಪ್ಪಯ್ಯ ಯಾಕೆ ಪರೀಕ್ಷೆ ಬೇಡ ಅನ್ನುತ್ತಾರೆ ಅಂತ ನನಗೆ ಗೊತ್ತು. ಪಾಸಿಟಿವ್ ಅಂದುಬಿಟ್ಟರೆ ಆಂಬುಲೆನ್ಸ್ ಅಂಗಳಕ್ಕೆ ಬರುತ್ತೆ, ರಸ್ತೆಗೆ ಬೊಂಬು ಅಡ್ಡ ಕಟ್ಟುತ್ತಾರೆ, ತೋಟಕ್ಕೆ ಔಷಧಿ ಹೊಡೆಯೋಕೆ ಮರ ಹತ್ತುವ ಕೊನೆಗೌಡ ಬರೋದಿಲ್ಲ, ಕೊಳೆ ಬಂದು ಅಡಿಕೆ ಉದುರಿ ಹೋಗುತ್ತೆ, ಸೊಸೈಟಿಗೆ ಹೋದರೆ ಜನ ಎದ್ದು ಆಚೆ ಕೂರುತ್ತಾರೆ. ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಶವಗಳನ್ನು ಗುಂಡಿಗೆ ಎಸೆದ ವಿಡಿಯೊ ನೋಡಿದ ಮೇಲಂತೂ ಆಸ್ಪತ್ರೆ ಹೆಸರೆತ್ತಿದರೆ ಸಿಡುಕುತ್ತಾರೆ ಅಂತ ಅತ್ತಿಗೆ ಆಗಲೇ ಹೇಳಿದ್ದರು. ಆ ವಿಡಿಯೊ ನೋಡಿ ನನಗೂ ಹೊಟ್ಟೆ ತೊಳಸಿತ್ತು. ಅಪ್ಪಯ್ಯನ ಹೆದರಿಕೆ ಸುಳ್ಳಲ್ಲ. ಆದರೆ ಕಾಯಿಲೆ ಮುಚ್ಚಿಟ್ಟುಕೊಳ್ಳೋದು ಅದಕ್ಕೆ ಔಷಧಿಯಲ್ಲ. ತಡವಾಗಿ, ಉಸಿರು ಕಟ್ಟಿದ ಮೇಲೆ ಆಸ್ಪತ್ರೆಗೆ ಹೋದವರ ಪಾಡೇ ಕಷ್ಟಕ್ಕೆ ಬರೋದು. ಮೊದಲೇ ಹೋದವರು ಮಾತ್ರೆ ತಗೊಂಡು ವಾಪಸು ಬರುತ್ತಿದ್ದಾರೆ.

ಅಪ್ಪಯ್ಯ, ಇದು ನಿಮಗೆ. ಮಂಗನ ಕಾಯಿಲೆ ಬಂದ ವರ್ಷ ಕೇರಿ ಕೇರಿಗೆ ಹೋಗಿ 'ಲಸಿಕೆ ಹಾಕಿಸಿಕೊಳ್ಳಿ, ಕಾಡಿಗೆ ಹೋಗೋ ಮುಂಚೆ ಉಣುಗು ಕಚ್ಚದ ಹಾಗೆ ಡಿಎಂಪಿ ಎಣ್ಣೆ ಹಚ್ಚಿಕೊಳ್ಳಿ' ಅಂತ ಬೈದು ಹೇಳಿದವರು ನೀವು. ಜ್ವರ ಬಂದವರನ್ನು ಜೀಪಿನಲ್ಲಿ ಕೂರಿಸಿಕೊಂಡು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೂ ನೀವೇ. ಆಗ ಯಾರ ಮಾನವೂ ಹೋಗಲಿಲ್ಲ. ಯಡಿಯೂರಪ್ಪನವರಿಗೆ ನಿಮಗಿಂತ ಹೆಚ್ಚು ವಯಸ್ಸು, 77. ಇದೇ ತಿಂಗಳ 2ನೇ ತಾರೀಕು ಪಾಸಿಟಿವ್ ಅಂತ ತಾವೇ ಊರಿಗೆಲ್ಲ ಹೇಳಿ ಆಸ್ಪತ್ರೆ ಸೇರಿದರು, 10ಕ್ಕೆ ಮನೆಗೆ ಬಂದರು. ಅವರ ಹಿಂದೆಯೇ ಸಿದ್ದರಾಮಯ್ಯನವರಿಗೂ ಬಂತು, ಅವರೂ ಹುಷಾರಾದರು. ಮುಖ್ಯಮಂತ್ರಿಗೆ ಇಲ್ಲದ ನಾಚಿಕೆ ನಮಗೆ ಯಾಕೆ?

ಪರೀಕ್ಷೆ ಹೇಗಿರುತ್ತೆ ಅಂತ ನಾನೇ ಹೇಳುತ್ತೇನೆ. ನಾನೂ ಮಾಡಿಸಿಕೊಂಡಿದ್ದೇನೆ. ನೀನು ಗಾಬರಿಯಾಗುತ್ತೀಯ ಅಂತ ಆಗ ಹೇಳಿರಲಿಲ್ಲ ಅಮ್ಮ, ಈಗ ಬೈಯಬೇಡ. ಜುಲೈಯಲ್ಲಿ ನನಗೆ ಗಂಟಲು ಕೆರೆತ ಶುರುವಾಯಿತು. ಇಲ್ಲಿ ಕಾರಿನಿಂದ ಇಳಿಯೋದೂ ಬೇಡ, ಸಾಲಾಗಿ ಕಾರು ನಿಲ್ಲಿಸಿಕೊಂಡು ಕಾಯಬೇಕು. ನಮ್ಮ ಸರದಿ ಬಂದಾಗ ಕಿಟಕಿ ಗಾಜು ಇಳಿಸಿದರೆ ಸಾಕು. ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡ ನರ್ಸ್ ಬಂದು ಕಿವಿಕಡ್ಡಿಯಂಥದ್ದೇ ಉದ್ದನೆಯ ಕಡ್ಡಿಯನ್ನು ಮೊದಲು ಗಂಟಲಲ್ಲಿ, ಆಮೇಲೆ ಮೂಗಿನೊಳಗೆ ಆಡಿಸಿದಳು. ಕಣ್ಣಲ್ಲಿ ನೀರು ಬಂತು, ಒಂದು ಸೀನು ಬಂತು, ಮುಗಿಯಿತು. ಕಾಸು ಕೊಡೋದಿಲ್ಲ. ಫಲಿತಾಂಶ ಫೋನಿಗೆ ಮೆಸೇಜಿನಲ್ಲಿ ಬರೋವರೆಗೆ ಮನೆಯಿಂದ ಹೊರಗೆ ಕಾಲಿಡುವ ಹಾಗಿಲ್ಲ. ನೆಗೆಟಿವ್ ಬಂತು. ಬರೀ ಥಂಡಿ. ಆಣೆ ಮಾಡಿ ಹೇಳುತ್ತೇನೆ, ಬರೀ ಥಂಡಿ.

ಆದರೆ ನಮ್ಮ ಬೀದಿಯಲ್ಲಿ ಪಕ್ಕದ ಮನೆಯ ಅಜ್ಜಿಗೆ ಪಾಸಿಟಿವ್ ಬಂದಿತ್ತು. ಪಾಸಿಟಿವ್ ಬಂದವರು ಮನೆಯಲ್ಲೇ ಇದ್ದಾರಾ ಅಂತ ನೋಡೋಕೆ ಇಲ್ಲಿ ಸೈನ್ಯದವರೇ ಬಂದು ಬಾಗಿಲು ತಟ್ಟುತ್ತಾರೆ. ಅವರನ್ನು ಕಂಡು ನನಗೂ ಎದೆ ಧಸಕ್ಕೆಂದಿತ್ತು. ಆದರೆ ಬೀದಿಯವರು ಯಾರೂ ಮುಖ ತಿರುಗಿಸಲಿಲ್ಲ. ಒಬ್ಬರು ಸೂಪ್, ಒಬ್ಬರು ಹಾಲು-ಬ್ರೆಡ್ ಬಾಗಿಲ ಮುಂದಿಟ್ಟು, ಬೆಲ್ ಮಾಡಿ, ದೂರ ನಿಂತು ಕೈ ಬೀಸಿ ಬರುತ್ತಿದ್ದರು. ನಾನು ಖಾರ ಹಾಕದೆ ತಿಳಿಸಾರು, ಅನ್ನ ಮಾಡಿ ಇಟ್ಟು ಬಂದೆ. ಈಗ ಅಜ್ಜಿ ಎದ್ದು ತೋಟದಲ್ಲಿ ಕಳೆ ಕೀಳುತ್ತಿದ್ದಾರೆ. ನಮ್ಮೂರಿನವರೂ ಹೀಗೆ ಮಾಡುವವರೇ. ಕೆಳಮನೆ ಅಜ್ಜಯ್ಯ ಬಿದ್ದು ಸೊಂಟ ಮುರಿದುಕೊಂಡಾಗ ಮೂರು ಹೊತ್ತೂ ಊಟ ಹೋಗಿದ್ದು ಬೇರೆ ಬೇರೆ ಮನೆಯಿಂದ ಅಲ್ಲವಾ? ಅವರಿಗೆ ಗೊತ್ತಾದರೆ ತಾನೇ ಸಹಾಯ ಮಾಡೋದು.

ಈಗ ಮಾಡಬೇಕಾದ್ದು ಹೇಳುತ್ತೇನೆ, ಅಣ್ಣನೂ ಕೇಳಿಸಿಕೊಳ್ಳಲಿ. ನಾಳೆ ಬೆಳಗ್ಗೆಯೇ ತೀರ್ಥಹಳ್ಳಿ ಸರ್ಕಾರಿ ಆಸ್ಪತ್ರೆಗೆ ಹೋಗಿ. ಬಸ್ಸು ಬೇಡ, ಅಣ್ಣನ ಕಾರಿನಲ್ಲಿ ಕಿಟಕಿ ತೆಗೆದು, ಇಬ್ಬರೂ ಮಾಸ್ಕ್ ಹಾಕಿಕೊಂಡು. ಹೋಗೋಕೆ ಮುಂಚೆ ಏನಾದರೂ ಕೇಳಬೇಕಿದ್ದರೆ ಸರ್ಕಾರದ ಆಪ್ತಮಿತ್ರ ಸಹಾಯವಾಣಿ 14410ಕ್ಕೆ ಫೋನ್ ಮಾಡಿ, ಇಲ್ಲವೇ ಆಶಾ ಕಾರ್ಯಕರ್ತೆಯನ್ನು ಕೇಳಿ, ಅವಳು ನಮ್ಮೂರಿನ ಹುಡುಗಿಯೇ. ಪಾಸಿಟಿವ್ ಬಂದರೂ ಎಲ್ಲರನ್ನೂ ಎಳೆದುಕೊಂಡು ಹೋಗುತ್ತಾರೆ ಅನ್ನೋದು ಈಗ ಇಲ್ಲ, ತೀರಾ ಕಡಿಮೆ ಲಕ್ಷಣ ಇದ್ದವರನ್ನು ಮನೆಯಲ್ಲೇ ಇರೋಕೆ ಬಿಡುತ್ತಿದ್ದಾರೆ. ಅಪ್ಪಯ್ಯನಿಗೆ ವಯಸ್ಸಾಗಿದೆ, ಶುಗರ್ ಇದೆ, ಹಾಗಾಗಿ ಡಾಕ್ಟರ್ ಹೇಳಿದ ಹಾಗೆ ಕೇಳಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಅಂದರೆ ಮರುಮಾತಾಡದೆ ಹೋಗಿ.

ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ತೋರಿಸೋ ಪಲ್ಸ್ ಆಕ್ಸಿಮೀಟರನ್ನು ತಮ್ಮ ಬೆಂಗಳೂರಿನಿಂದ ಕೊರಿಯರ್ ಮಾಡಿದ್ದಾನೆ. ಅದು ಬರೋವರೆಗೆ ಕಾಯಬೇಡಿ, ತೀರ್ಥಹಳ್ಳಿ ಮೆಡಿಕಲ್‌ನಲ್ಲಿ ಸಿಕ್ಕರೆ ಅಲ್ಲೇ ತಗೊಳ್ಳಿ, ದುಡ್ಡಿನ ಮುಖ ನೋಡಬೇಡಿ. ಬಟ್ಟೆ ಒಣಹಾಕೋ ಕ್ಲಿಪ್ಪಿನ ಹಾಗಿರುತ್ತೆ. ಅಮ್ಮ, ನಿಮ್ಮಲ್ಲಿ ಈಗ ಥಂಡಿ. ಕೈ ತಣ್ಣಗಿದ್ದರೆ ಲೆಕ್ಕ ತಪ್ಪು ತೋರಿಸುತ್ತೆ. ಬಚ್ಚಲೊಲೆ ಹತ್ತಿರ ಕೂತು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಆಮೇಲೆ ಬೆರಳಿಗೆ ಸಿಕ್ಕಿಸಿ, ಕೈ ಅಲ್ಲಾಡಿಸದೆ ಅಂಕಿ ನಿಲ್ಲೋವರೆಗೆ ಕಾಯಿರಿ. ಎರಡು ಅಂಕಿ ಬರುತ್ತೆ, ಆಮ್ಲಜನಕದ್ದು ಒಂದು, ನಾಡಿಯದ್ದು ಒಂದು. ಆಮ್ಲಜನಕದ್ದು 95 ಮತ್ತು ಮೇಲಿದ್ದರೆ ಸರಿ. 94 ಅಥವಾ ಅದಕ್ಕಿಂತ ಕೆಳಗೆ ಬಂದರೆ ರಾತ್ರಿಯೋ ಮಳೆಯೋ ನೋಡದೆ ಹೊರಡಿ. ಜಗಲಿಯಲ್ಲಿ ಆರು ನಿಮಿಷ ನಡೆದಾಡಿ ಇನ್ನೊಮ್ಮೆ ನೋಡಬೇಕು, ಕೂತಾಗ ಸರಿಯಿದ್ದದ್ದು ಕೆಲವರಿಗೆ ನಡೆದಾಗ ಇಳಿಯುತ್ತೆ. ಈ ಕಾಯಿಲೆಯಲ್ಲಿ ಕೆಲವರಿಗೆ ಏದುಸಿರು ಬರೋ ಮುಂಚೆಯೇ ಆಮ್ಲಜನಕ ಇಳಿದಿರುತ್ತೆ. 'ನನಗೇನೂ ಆಗಿಲ್ಲ, ಉಸಿರು ಸರಿ ಇದೆ' ಅಂತ ಅಪ್ಪಯ್ಯ ಹೇಳೋದನ್ನು ಅದಕ್ಕೇ ನಂಬಬೇಡ ಅನ್ನೋದು. ಶುಗರ್ ದಿನಾ ನೋಡಿ, ಜ್ವರದಲ್ಲಿ ಏರುತ್ತೆ. ಮೆಣಸಿನ ಕಾಳಿನ ಕಷಾಯ ಕೊಡಬೇಡ ಅನ್ನೋದಿಲ್ಲ, ಬೆಲ್ಲ ಹಾಕಬೇಡ.

ಅಪ್ಪಯ್ಯ ಜಗಲಿ ಪಕ್ಕದ ಕೋಣೆಯಲ್ಲೇ ಇರಲಿ, ಕಿಟಕಿ ತೆಗೆದಿರಲಿ. ಕವಳ ಹಾಕಿ ಉಗಿಯೋದು ಸದ್ಯಕ್ಕೆ ನಿಲ್ಲಲಿ. ಊಟ ಬಾಗಿಲಲ್ಲಿಟ್ಟು ಬಾ. ಪಕ್ಕದಲ್ಲಿ ಕೂತು ಬಡಿಸಬೇಡ. ನಿನಗೆ ಬಿಪಿ ಇದೆ, ನೀನೂ ಪರೀಕ್ಷೆ ಮಾಡಿಸಿಕೊ. ತೋಟದ ಔಷಧಿಯ ಚಿಂತೆ ಅಣ್ಣನಿಗೆ ಬಿಡಿ. ಮೈಲುತುತ್ತ, ಸುಣ್ಣ ಮನೆಯಲ್ಲೇ ಇದೆ ಅಂತ ಬರೆದಿದ್ದೀಯ, ಬಿಸಿಲು ಬಿಟ್ಟ ದಿನ ಹೊಡೆಸುತ್ತಾನೆ. ಒಂದು ಸಲ ಕೊಳೆ ಬಂದರೆ ಬರಲಿ. ಅಡಿಕೆ ಮುಂದಿನ ವರ್ಷವೂ ಬಿಡುತ್ತೆ.

'ನೀನು ಬಂದರೆ ಅವರು ಕೇಳುತ್ತಿದ್ದರು' ಅಂತ ಬರೆದಿದ್ದೀಯ. ಬರೋಕೆ ಮನಸ್ಸಿಲ್ಲ ಅಂದುಕೊಳ್ಳಬೇಡ ಅಮ್ಮ. ಮಾರ್ಚಿನಿಂದ ಇಲ್ಲಿನ ಪೌರರು, ಪಿಆರ್ ಅಂದರೆ ಕಾಯಂ ವಾಸದ ವೀಸಾ ಇದ್ದವರು ಸರ್ಕಾರದ ಅನುಮತಿ ಇಲ್ಲದೆ ದೇಶ ಬಿಟ್ಟು ಹೊರಡುವ ಹಾಗೇ ಇಲ್ಲ. ಅರ್ಜಿ ಹಾಕಿದ್ದೇನೆ. ಸಿಕ್ಕಿದರೂ ವಾಪಸು ಬರೋದು ಇನ್ನೊಂದು ಫಜೀತಿ. ಮೆಲ್ಬರ್ನಿಗೆ ಹೊರದೇಶದ ಪ್ರಯಾಣಿಕರನ್ನು ಈಗ ಇಳಿಸುತ್ತಿಲ್ಲ, ಬೇರೆ ಊರಿಗೆ ಇಳಿದು 14 ದಿನ ಹೋಟೆಲಿನಲ್ಲಿ ಇರಬೇಕು. ಹೀಗಿದ್ದರೂ ಅಪ್ಪಯ್ಯನಿಗೆ ಬೇಕು ಅಂದರೆ ಬರುತ್ತೇನೆ. ಆದರೆ ನಾನು ಬರೋವರೆಗೆ ಪರೀಕ್ಷೆ ಕಾಯೋದಿಲ್ಲ.

ಇಲ್ಲಿಯದ್ದು ಕೇಳಿದ್ದೀಯ. ಟಿವಿಯಲ್ಲಿ ನೋಡಿದಷ್ಟು ಭಯಂಕರ ಏನಿಲ್ಲ. 2ನೇ ತಾರೀಕಿನಿಂದ ರಾತ್ರಿ 8ರಿಂದ ಬೆಳಗ್ಗೆ 5ರವರೆಗೆ ಕರ್ಫ್ಯೂ. ಹಗಲು ಮನೆಯಿಂದ 5 ಕಿಲೋಮೀಟರ್ ದಾಟುವ ಹಾಗಿಲ್ಲ. ಮ್ಯಾಪಿನಲ್ಲಿ ಸುತ್ತು ಹಾಕಿ ನೋಡಿದೆವು, ಇಂಡಿಯನ್ ಅಂಗಡಿ ಒಳಗೇ ಬರುತ್ತೆ, ಸೋನಾಮಸೂರಿಗೆ ತೊಂದರೆ ಇಲ್ಲ. ದಿನಕ್ಕೆ ಮನೆಯಿಂದ ಒಬ್ಬರು ಒಂದು ಸಲ ಸಾಮಾನು ತರಬಹುದು, ಒಂದು ಗಂಟೆ ವಾಕಿಂಗ್ ಹೋಗಬಹುದು. ಮಾಸ್ಕ್ ಇಲ್ಲದಿದ್ದರೆ 200 ಡಾಲರ್ ದಂಡ. ನಿಯಮ ಮುರಿದರೆ 1652, ನಮ್ಮ ರೂಪಾಯಿಯಲ್ಲಿ ಎಂಬತ್ತು ಸಾವಿರ ದಾಟುತ್ತೆ! ಲಾಠಿ ಎತ್ತುವವರಿಲ್ಲ, ಚೀಟಿ ಬರೆದು ಕೊಡುತ್ತಾರೆ ಅಷ್ಟೆ. ಇಲ್ಲಿನ ರಾಜ್ಯಕ್ಕೆ ಮುಖ್ಯಮಂತ್ರಿ ಇದ್ದ ಹಾಗಿರೋ ಪ್ರೀಮಿಯರ್ ಡೇನಿಯಲ್ ಆಂಡ್ರೂಸ್ ದಿನಾ ಟಿವಿಯಲ್ಲಿ ಬಂದು ಪತ್ರಕರ್ತರ ಪ್ರಶ್ನೆ ಮುಗಿಯೋವರೆಗೆ ನಿಂತು ಉತ್ತರ ಹೇಳುತ್ತಾರೆ. ಅದು ನನಗೆ ಹಿಡಿಸಿದೆ. 5ನೇ ತಾರೀಕು ಒಂದೇ ದಿನ 725 ಕೇಸು ಬಂದಿತ್ತು, ಈಗ 300ರ ಕೆಳಗೆ ಇಳಿದಿದೆ. ಸಾಯುತ್ತಿರುವವರು ಹೆಚ್ಚಿನವರು ವೃದ್ಧಾಶ್ರಮದಲ್ಲಿರುವ ವಯಸ್ಸಾದವರು. ಆ ಸುದ್ದಿ ಓದಿದಾಗೆಲ್ಲ ನಿಮ್ಮಿಬ್ಬರ ಮುಖವೇ ಕಣ್ಣಿಗೆ ಬರುತ್ತೆ.

ಮನೆಯೊಳಗೆ ಊಟದ ಮೇಜಿನ ಒಂದು ತುದಿ ನನ್ನ ಆಫೀಸು, ಇನ್ನೊಂದು ತುದಿ ಪುಟ್ಟಿಯ ಸ್ಕೂಲು. ಅವಳ ಟೀಚರ್ ಲೆಕ್ಕ ಹೇಳುವಾಗ ನನ್ನ ಮೀಟಿಂಗಿನವರಿಗೂ ಮಗ್ಗಿ ಬರುತ್ತೆ. ಪಾರ್ಕಿನ ಜಾರುಬಂಡೆಗೆಲ್ಲ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಮುಚ್ಚಿದ್ದಾರೆ, ಅದನ್ನು ಕಂಡರೆ ಪುಟ್ಟಿ ಅಳುತ್ತಾಳೆ. ವಾಕಿಂಗಿಗೆ ಆ ದಾರಿ ಬಿಟ್ಟು, ಹಳದಿ ವಾಟಲ್ ಹೂ ಬಿಟ್ಟಿರೋ ಕಡೆ ಕರೆದುಕೊಂಡು ಹೋಗುತ್ತೇನೆ. ಕಟಿಂಗ್ ಶಾಪ್ ಮುಚ್ಚಿರೋದರಿಂದ ಇವರ ತಲೆಗೂದಲು ನಾನೇ ಕತ್ತರಿಸಿದೆ, ಚೆನ್ನಾಗಿಯೇ ಬಂತು. ಇವರ ಗೋಡೌನಿನಲ್ಲಿ ಕೆಲಸ ಸ್ವಲ್ಪ ಕಡಿಮೆಯಾಗಿದೆ, ನಿಜ. ಆದರೆ ಸರ್ಕಾರ ಕಂಪನಿಯ ಮೂಲಕ ಹದಿನೈದು ದಿನಕ್ಕೆ 1500 ಡಾಲರ್ ಕೊಡುತ್ತಿದೆ, ಮನೆ ಸಾಲದ ಕಂತು ನಿಂತಿಲ್ಲ. ದುಡ್ಡಿನ ಬಗ್ಗೆ ಖಂಡಿತಾ ಯೋಚನೆ ಬೇಡ. ಆಸ್ಪತ್ರೆಗೆ ಎಷ್ಟು ಬೇಕೋ ಅಣ್ಣನ ಅಕೌಂಟಿಗೆ ಇವತ್ತೇ ಹಾಕುತ್ತೇನೆ, ಬೇಡ ಅನ್ನಬಾರದು.

ಶುಕ್ರವಾರ ಗೌರಿ. ಬಾಗಿನ ಕಳಿಸೋಕಾಗಲಿಲ್ಲ ಅಂತ ಬೇಜಾರು ಮಾಡಿಕೊಂಡು ಬರೆದಿದ್ದೀಯ. ಇಲ್ಲಿ ಮೊರ ಸಿಗೋದಿಲ್ಲ, ತಟ್ಟೆಯಲ್ಲೇ ಬೇಳೆ, ಬಳೆ, ತೆಂಗಿನಕಾಯಿ ಇಟ್ಟು ನಿನ್ನ ಹೆಸರಲ್ಲಿ ನಾನೇ ತಗೊಳ್ಳುತ್ತೇನೆ. ನೀನು ಈ ಸಲ ಯಾರನ್ನೂ ಅರಿಶಿನ ಕುಂಕುಮಕ್ಕೆ ಕರೀಬೇಡ, ಅಪ್ಪಯ್ಯನ ವರದಿ ಬರೋವರೆಗಂತೂ ಬೇಡವೇ ಬೇಡ. ಗೌರಮ್ಮ ಅರ್ಥ ಮಾಡಿಕೊಳ್ಳುತ್ತಾಳೆ.

ಮೀಟಿಂಗಿಗೆ ಕರೆಯುತ್ತಿದ್ದಾರೆ, ಪುಟ್ಟಿ ಬೇರೆ ಹಸಿವು ಅಂತಿದ್ದಾಳೆ, ನಿಲ್ಲಿಸುತ್ತೇನೆ. ನಾವು ಚೆನ್ನಾಗಿದ್ದೇವೆ, ನಿಜವಾಗಿಯೂ ಚೆನ್ನಾಗಿದ್ದೇವೆ. ಅಪ್ಪಯ್ಯನಿಗೂ ಏನೂ ಆಗೋದಿಲ್ಲ, ಧೈರ್ಯವಾಗಿರು. ಅಪ್ಪು, ಆಸ್ಪತ್ರೆಯಿಂದ ಬಂದ ಕೂಡಲೇ ಗುಡ್ಡಕ್ಕೆ ಹೋಗಿ ಒಂದು ಮೆಸೇಜು ಹಾಕು ಮಗಾ, ಬೆರಳಿನ ಅಂಕಿ ಎಷ್ಟು, ಜ್ವರ ಎಷ್ಟು, ಎರಡೂ ಬರೆದು. ಇಲ್ಲಿ ಮಧ್ಯರಾತ್ರಿಯಾಗಿದ್ದರೂ ಪರವಾಗಿಲ್ಲ.

ಅಪ್ಪಯ್ಯನಿಗೆ, ನಿನಗೆ ನಮಸ್ಕಾರ. ಉಳಿದದ್ದು ಆಮೇಲೆ.

ಇತಿ ನಿನ್ನ ಮಗಳು