ಬೋರ್ಡಿನ ಮೂಲೆಯಲ್ಲಿ ಯಾರ ಹೆಸರು?

ಮಾನ್ಯರೇ,

ಮಾಸ್ತರರು ಹೊರಗೆ ಹೋದ ಕೂಡಲೇ ಮಾನಿಟರ್ ಬೋರ್ಡಿನ ಮೂಲೆಯಲ್ಲಿ 'ಮಾತಾಡಿದವರು' ಅಂತ ಬರೆದು ಹೆಸರು ಹಾಕುವುದು ನಮ್ಮ ಕಾಲದಲ್ಲೂ ಇತ್ತು. ಬೆಟಗೇರಿಯ ನಮ್ಮ ಓಣಿಯ ಮಕ್ಕಳು ಹೋಗುವ ಶಾಲೆಯಲ್ಲಿ ಹೋದ ವರ್ಷದ ತನಕವೂ ಇತ್ತು. ಈಗ ನಾಲ್ಕನೇ ಇಯತ್ತೆಯಲ್ಲಿರುವ ನನ್ನ ಮೊಮ್ಮಗಳ ಹೆಸರು ಆಗ ದಿನಾ ಅಲ್ಲೇ. ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಒಂದೊಂದು ಇಂಟು. "ಇವತ್ತ ನಾಕು ಇಂಟು, ಅಜ್ಜಾ!" ಅಂತ ಬಾಗಿಲಿನಿಂದಲೇ ಕೂಗುತ್ತಿದ್ದಳು. ಶಿಕ್ಷೆ ಹೋಗಿ ಸ್ಕೋರ್ ಆಗಿತ್ತು.

ಈ ಜೂನ್‌ನಲ್ಲಿ ಬಂದ ಹೊಸ ಅಕ್ಕೋರು ಆ ಮೂಲೆಯನ್ನು ಅಳಿಸಲಿಲ್ಲ, ತಲೆಬರಹ ಮಾತ್ರ ಬದಲಿಸಿದರು: 'ಇವತ್ತು ನಾನು ನೋಡಿದ್ದು'. ಮಾನಿಟರ್ ಈಗ ಹೆಸರಿನ ಜೊತೆ ಮಾಡಿದ ಕೆಲಸವನ್ನೂ ಬರೆಯಬೇಕು. ನಳ ಬಂದ್ ಮಾಡಿದ. ತಾಟು ತೊಳೆಯುವಾಗ ಪಾಳಿ ಬಿಟ್ಟುಕೊಟ್ಟಳು. ನಮ್ಮವಳ ಹೆಸರು ಬಂದದ್ದು, ಅಳುತ್ತಿದ್ದ ಹೊಸ ಹುಡುಗನ ಪಕ್ಕ ಹೋಗಿ ಕೂತಿದ್ದಕ್ಕೆ. ಅವತ್ತು ಪಾಟಿಚೀಲ ಇಳಿಸುವ ಮೊದಲೇ ಅದನ್ನು ಮೂರು ಸಲ ಹೇಳಿದಳು. ಮಾತು ಈಗಲೂ ಜಾಸ್ತಿನೇ, ಸುಳ್ಳು ಯಾಕೆ ಹೇಳಲಿ.

ನಾನು ಬಸ್ ಕಂಡಕ್ಟರ್ ಆಗಿದ್ದವನು. ತಪ್ಪಿಗೆ ಬಂದ ಮೆಮೊಗಳ ಲೆಕ್ಕ ನೆನಪಿಲ್ಲ. ಗಜೇಂದ್ರಗಡದ ಕೊನೆ ಟ್ರಿಪ್ಪಿನಲ್ಲಿ ಸಿಕ್ಕ ಪರ್ಸು ಮರಳಿಸಿದಾಗ ಸಾಹೇಬರು ಎಲ್ಲರೆದುರು "ಶಹಬ್ಬಾಸ್" ಅಂದದ್ದು ನೆನಪಿದೆ.

ಆದರೆ ಚಾಕೊಲೇಟ್ ಹಂಚುವುದು ಬೇಡ. ಪಕ್ಕದ ಮನೆಯ ಹುಡುಗನಿಗೆ ಶಾಲೆಯಲ್ಲಿ ಸುಮ್ನೆ ಕೂತರೆ ಒಂದು ಚಾಕೊಲೇಟ್. ಈಗ ಚಪ್ಪಲಿ ಸಾಲಾಗಿ ಇಡು ಅಂದರೂ "ಏನ್ ಕೊಡ್ತಿ?" ಅಂತಾನೆ. ಬಿ.ಎಡ್. ಓದಿದ ಮಗಳು ಹೇಳಿದಳು: 1973ರಲ್ಲೇ ಅಮೆರಿಕದಲ್ಲಿ ಇದನ್ನು ಪರೀಕ್ಷಿಸಿದ್ದರಂತೆ. ಚಿತ್ರ ಬಿಡಿಸುವುದೆಂದರೆ ಖುಷಿಪಡುತ್ತಿದ್ದ ಪುಟ್ಟ ಮಕ್ಕಳಿಗೆ ಬಹುಮಾನದ ಆಸೆ ತೋರಿಸಿದ ಮೇಲೆ, ಅವರು ತಾವಾಗಿ ಬಿಡಿಸುವುದು ಕಡಿಮೆಯಾಯಿತು. ಮೊದಲೇ ಹೇಳದೆ ಕೊಟ್ಟವರಲ್ಲಿ ಹಾಗೆ ಆಗಲಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನಷ್ಟೇ ಅಲ್ಲ, ಮಕ್ಕಳ ಮನಸ್ಸು ನೋಯಿಸುವ ಕಿರುಕುಳವನ್ನೂ ನಿಷೇಧಿಸಿದೆ. ಸರಿ, ಬೆತ್ತ ಕೆಳಗಿಟ್ಟ ಮಾಸ್ತರರು ನಲವತ್ತು ಮಕ್ಕಳನ್ನು ಹೇಗೆ ಸಂಭಾಳಿಸಬೇಕು? ಸುತ್ತಲಿನ ಶಾಲೆಗಳ ಮಾಸ್ತರರು ಸೇರುವ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಅರ್ಧ ತಾಸು ಇದಕ್ಕೂ ಇಡಲಿ ಎಂದು ಗದಗ ಜಿಲ್ಲೆಯ ಶಿಕ್ಷಣಾಧಿಕಾರಿಗಳಲ್ಲಿ ನನ್ನ ವಿನಂತಿ. ನಮ್ಮ ಅಕ್ಕೋರಂಥವರನ್ನೇ ಮುಂದೆ ಕರೆದು, ಬೋರ್ಡಿನ ಮೇಲೆ ಬರೆದು ತೋರಿಸಲು ಹೇಳಿದರೆ ಆಯಿತು.

— ಒಬ್ಬ ನಿವೃತ್ತ ಕಂಡಕ್ಟರ್, ಬೆಟಗೇರಿ, ಗದಗ